ಏಳುವ ಸರದಿ

ನಿದ್ದೆಯಿಂದ ಏಳುವಾಗ ನಮ್ಮೊಳಗೆ ಮೊದಲು ಏಳುವುದು ಯಾವುದು? ಕಿವಿಯೋ, ಕಣ್ಣೋ, ಅಥವಾ ನಮ್ಮ ಹೆಸರೋ? ಮಗಳು ಆ ದೊಡ್ಡ ನಿದ್ದೆಗೆ ಜಾರುವವರೆಗೆ ಈ ಪ್ರಶ್ನೆ ನನ್ನ ಹತ್ತಿರ ಸುಳಿದಿರಲಿಲ್ಲ.

ನೀಲಾಂಬಿಕೆ ಒಂದೇ ಕೂಗಿಗೆ ಏಳುವ ಹುಡುಗಿ. ಒಲೆಯ ಮುಂದಿನಿಂದ ನಾನು “ನೀಲಾ, ಏಳು” ಅಂದರೆ ಸಾಕು, ಕೌದಿ ಸರಿಸಿ ನೆಟ್ಟಗೆ ಎದ್ದು ಕೂಡುತ್ತಿದ್ದಳು. “ಎದ್ನೆಲ್ಲ ಅವ್ವಾ” ಎಂದು ಉತ್ತರವನ್ನೂ ಕೊಡುತ್ತಿದ್ದಳು. ಕಣ್ಣು ಮಾತ್ರ ಮುಚ್ಚಿರುತ್ತಿದ್ದವು. ಕೂತಲ್ಲೇ ಇನ್ನೊಂದು ಸಣ್ಣ ನಿದ್ದೆ ತೆಗೆದು, ಚಹಾ ಕುದಿಯುವ ಹೊತ್ತಿಗೆ ಕಣ್ಣು ಬಿಡುತ್ತಿದ್ದಳು.

“ನಿನ್ನ ಮಗಳ ಮೈ ಮೊದಲ ಏಳತೈತಿ, ಮಗಳು ಆಮ್ಯಾಲೆ ಏಳತಾಳ,” ಎಂದು ನನ್ನ ಗಂಡ ಈರಣ್ಣ ನಗುತ್ತಿದ್ದರು.

ಸಂಜೆ ನಾನು ರೊಟ್ಟಿ ಬಡಿಯಲು ಕೂತರೆ ಅವಳು ಬುಟ್ಟಿ ಹಿಡಿದು ಪಕ್ಕದಲ್ಲಿ ಕೂಡುತ್ತಿದ್ದಳು. ಬುಟ್ಟಿಗೆ ಬಿದ್ದ ರೊಟ್ಟಿಗೆ ನಾನೊಂದು ಅಂಕಿ ಹೇಳಬೇಕು, ಮುಂದಿನದಕ್ಕೆ ಅವಳೊಂದು. ನಾನು ಬೇರೆ ಯೋಚನೆಯಲ್ಲಿ ಮರೆತರೆ ನನ್ನ ಅಂಕಿಯನ್ನೂ ಅವಳೇ ಹೇಳಿ, “ನಿಂದು ನಾ ಅಂದೆ, ಒಂದು ತುಂಡು ಬೆಲ್ಲ ಕೊಡು” ಎನ್ನುತ್ತಿದ್ದಳು.

ಆಮೇಲೆ ಆ ವರ್ಷ ಊರೆಲ್ಲ ಹಬ್ಬಿದ ಜ್ವರ ಅವಳಿಗೂ ಬಂತು. ಬಂದದ್ದು ಹೋಯಿತು. ಹೋಗುವಾಗ ಅವಳ ಮೆದುಳಿನಲ್ಲಿ ಅಲ್ಲಲ್ಲಿ ಕತ್ತಲೆ ಬಿಟ್ಟು ಹೋಯಿತು.

ಕಪ್ಪತಗುಡ್ಡದ ಇಳಿಜಾರಿನಲ್ಲಿ, ಅವಳ ಹಾಗೆ ನಿದ್ದೆಯಿಂದ ಏಳದವರನ್ನು ಎಬ್ಬಿಸುವ ಎಚ್ಚರ ಕೇಂದ್ರವಿದೆ. ಸುತ್ತಲೂ ಗಾಳಿಯಂತ್ರಗಳು. ನಮ್ಮ ಕಡೆ ಎಲ್ಲರೂ ಅವನ್ನು ಫ್ಯಾನು ಎನ್ನುತ್ತಾರೆ. ಈರಣ್ಣ ಅವುಗಳ ರೆಕ್ಕೆ ರಿಪೇರಿ ಮಾಡುವವರು. ಕೇಂದ್ರಕ್ಕೆ ಬೇಕಾದ ಕರೆಂಟೆಲ್ಲ ಆ ಫ್ಯಾನುಗಳಿಂದಲೇ ಬರುತ್ತದೆ. ನೀಲಾಳನ್ನು ಅಲ್ಲಿಗೆ ಸೇರಿಸಿದ ದಿನ ಅವರು ಕಿಟಕಿಯಿಂದ ಹೊರಗೆ ನೋಡುತ್ತ, “ಮಗಳಿಗೆ ಗಾಳಿ ಹಾಕೂ ಕೆಲಸ ನಂದ ಆತು ನೋಡು,” ಅಂದಿದ್ದರು. ಫ್ಯಾನಿನ ನೆರಳು ಅವಳ ಹಾಸಿಗೆಯ ಮೇಲೆ ನಿಧಾನವಾಗಿ ಸರಿದು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಯಾರೋ ಹಣೆ ಸವರಿದ ಹಾಗೆ.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ತಬಸ್ಸುಮ್ ನನಗಿಂತ ಸ್ವಲ್ಪ ಹಿರಿಯರು. ಮೊದಲ ದಿನವೇ ನನ್ನನ್ನು ಕೂಡಿಸಿಕೊಂಡು ತಿಳಿಸಿ ಹೇಳಿದರು.

“ಇದನ್ನ ಒಂದು ಮನಿ ಅಂತ ತಿಳೀರಿ ದ್ರಾಕ್ಷಾಯಣಕ್ಕಾ. ಗ್ವಾಡಿ ಗಟ್ಟಿ ಅದಾವು, ಬಾಗಲಾ ಗಟ್ಟಿ ಅದಾವು. ಒಂಬತ್ತು ಖೋಲಿಯೊಳಗ ದೀಪ ಆರ್ಯಾವು. ಆ ಖೋಲಿ ಮಾಡೂ ಕೆಲಸಾನ ನಮ್ಮ ಯಂತ್ರ ಮಾಡತಾವು.”

ಯಂತ್ರ ಎಂದರೆ ಒಂದೇ. ಆಳೆತ್ತರದ ಕಪ್ಪು ಕಪಾಟು, ಜೇನುಗೂಡಿನಂತೆ ಗುಂಯ್ ಎನ್ನುವ ಸರ್ವರ್. ಅದರೊಳಗೆ ಒಂಬತ್ತು ಬೇರೆ ಬೇರೆ ಯಂತ್ರಗಳು ಇದ್ದವು. ಕೈಗೆ ಸಿಗುವಂಥವಲ್ಲ. ವರ್ಚುವಲ್ ಯಂತ್ರ ಎನ್ನುತ್ತಿದ್ದರು. ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ, ಪ್ರತಿಯೊಂದೂ ತಾನೊಂದೇ ಇಡೀ ಯಂತ್ರ ಎಂದುಕೊಂಡು ತನ್ನ ಕೆಲಸ ಮಾಡುತ್ತಿತ್ತು. ಒಂದು ಕೇಳುವ ಕೆಲಸ, ಒಂದು ನೋಡುವ ಕೆಲಸ, ಒಂದು ನೆನಪು ತೆಗೆದುಕೊಡುವ ಕೆಲಸ. ನೀಲಾಳ ತಲೆಗೆ ಬೆಳ್ಳಿ ಜಾಲರಿಯ ಒಂದು ಕುಲಾವಿ ತೊಡಿಸಿದ್ದರು. ಅವಳು ಹುಟ್ಟಿದಾಗ ನಾನು ಹೊಲಿದ ಕುಲಾವಿಯಷ್ಟೇ ಹಗುರ. ಅದರ ಎಳೆಗಳ ಮೂಲಕ ಆ ಯಂತ್ರಗಳು ಅವಳೊಂದಿಗೆ ಮಾತಾಡಬೇಕು.

“ಎಲ್ಲಾನೂ ಒಮ್ಮೆಲೇ ಎಬ್ಬಿಸಿದ್ರ?” ಎಂದು ಕೇಳಿದೆ.

“ಜಾತ್ರಿ ಆಗತೈತಿ. ಒಂದರ ಮ್ಯಾಲ ಒಂದು ಬೀಳತಾವು. ಅದಕ್ಕ ಸರದಿ ಇರಬೇಕು.”

ಆ ಸರದಿಗೆ ಅವರ ಭಾಷೆಯಲ್ಲಿ ಬೂಟ್ ಆರ್ಡರ್ ಎಂದು ಹೆಸರು. ನಿಯಂತ್ರಣ ಕೋಣೆಯಲ್ಲಿ ಕೂತು ಅದನ್ನು ನೋಡಿಕೊಳ್ಳುವವನು ಹೊಂಬಳ. ಅವನು ನನಗೆ ಪರದೆಯ ಮೇಲೆ ತೋರಿಸಿದ. ಮೊದಲು ಉಸಿರಿನ ಲಯ. ಆಮೇಲೆ ಕಿವಿ, ಸ್ಪರ್ಶ, ವಾಸನೆ, ಕೈಕಾಲು. ಆರನೆಯದು ಮಾತು. ಅದು ಎದ್ದಾಗಲೇ ಕಿವಿಗೆ ಬಿದ್ದ ಸದ್ದಿಗೆ ಅರ್ಥ ಬರುವುದು. ಆಮೇಲೆ ಸಮತೋಲ, ಕಣ್ಣು, ಕೊನೆಗೆ ನೆನಪು. ಪ್ರತಿ ಹೆಸರಿನ ಪಕ್ಕ ಮೇಲೊಂದು ಕೆಳಗೊಂದು ಬಾಣ. ಬಾಣ ಒತ್ತಿದರೆ ಆ ಯಂತ್ರ ಸರದಿಯಲ್ಲಿ ಹಿಂದೆ ಮುಂದೆ ಆಗುತ್ತಿತ್ತು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಬಿಡುವು ಎಂದು ಬರೆಯಲು ಸಣ್ಣದೊಂದು ಚೌಕ.

“ಒಮ್ಮೆ ಎಲ್ಲಾ ಸರಿಯಾಗಿ ಎದ್ದು ಕೂಸಿನ ಜೋಡಿ ಕೂಡಿಕೊಂಡ್ವು ಅಂದ್ರ ಮುಗೀತ್ರಿ ಅಕ್ಕಾರ,” ಅಂದ ಹೊಂಬಳ. “ಆಮ್ಯಾಲ ಇವನ್ನ ಆರಿಸೂದ ಇಲ್ಲ. ಎಲ್ಲರಂಗ ಮಲಗತಾಳ, ಎಲ್ಲರಂಗ ಏಳತಾಳ, ಮನೀಗೆ ಬರತಾಳ.”

ಮನೆಗೆ ಬರುತ್ತಾಳೆ ಎಂಬ ಮಾತನ್ನು ನಾನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದೆ.

ಮೊದಲ ಸಲ ಎಬ್ಬಿಸಿದ್ದು ಒಂದು ಮುಂಜಾನೆ. ಗಾಳಿ ಚೆನ್ನಾಗಿತ್ತು. ನಾನು ಹಾಸಿಗೆಯ ಪಕ್ಕ ಕೂತು ನೀಲಾಳ ಕೈ ಹಿಡಿದಿದ್ದೆ. ಒಂಬತ್ತೂ ಏಳುವವರೆಗೆ ತುಟಿ ಬಿಚ್ಚಬಾರದೆಂದು ನನಗೆ ಹೇಳಿದ್ದರು. ಪಕ್ಕದ ನರ್ಸಿಗೆ ತಿಳಿಯಲೆಂದು ಹೊಂಬಳ ಅಂಕಿಗಳನ್ನು ಸ್ಪೀಕರಿನಲ್ಲಿ ಹೇಳುತ್ತಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಕೂಗುವವರ ಹಾಗೆ ಖಣಿ ಖಣಿ ದನಿ ಅವನದು.

“ಒಂದು.” ನೀಲಾಳ ಎದೆ ಆಳವಾಗಿ ಏರಿ ಇಳಿಯಿತು. “ಎರಡು.” ಕಿಟಕಿಯಾಚೆ ಹಕ್ಕಿ ಕೂಗಿದ್ದಕ್ಕೆ ರೆಪ್ಪೆ ಅಲುಗಿತು. “ಮೂರು.” ನನ್ನ ಬೆರಳನ್ನು ಅವಳ ಬೆರಳು ಒತ್ತಿತು. ನಾನು ತುಟಿ ಕಚ್ಚಿಕೊಂಡೆ. ನಾಲ್ಕು, ಐದು, ಆರು. ನಡುವೆ ಬೇಕಾದಷ್ಟು ಬಿಡುವು. ಕನಸಿನಲ್ಲಿ ಯಾರೋ ಮೆಟ್ಟಿಲು ಹತ್ತಿ ಮೇಲೆ ಬರುತ್ತಿದ್ದ ಹಾಗಿತ್ತು.

“ಏಳು.”

ನೀಲಾ ಗಕ್ಕನೆ ಎದ್ದು ಕೂತಳು. ಕೂತವಳೇ ಒಂದು ಕಡೆಗೆ ವಾಲಿದಳು. ಸಮತೋಲ ಇನ್ನೂ ಪೂರ್ತಿ ಕೂಡದ ಮೈ, ಕಾಣದ ಕಣ್ಣು. ತಾನು ಯಾರೆಂಬ ನೆನಪೂ ಇಲ್ಲ. ಗಾಳಿಯಲ್ಲಿ ಕೈ ಆಡಿಸುತ್ತ, “ಎದ್ದೆ! ಎದ್ನೆಲ್ಲ!” ಎಂದು ಚೀರಿದಳು. ನಾನು ಅಪ್ಪಿ ಹಿಡಿದರೆ ನನ್ನನ್ನೂ ತಳ್ಳಿದಳು. ಹೊಂಬಳ ಎಲ್ಲವನ್ನೂ ಆರಿಸಿದ. ನನ್ನ ತೋಳಿನಲ್ಲಿ ಅವಳು ಮತ್ತೆ ನಿದ್ದೆಯ ತಳಕ್ಕೆ ಇಳಿದು ಹೋದಳು.

ತಬಸ್ಸುಮ್ ಅವರಿಗೆ ಸಮತೋಲದ ಯಂತ್ರದ ಮೇಲೆ ಅನುಮಾನ ಬಂತು. ಅದನ್ನು ಎಂಟಕ್ಕೆ ತಳ್ಳಿ, ಕಣ್ಣನ್ನು ಏಳಕ್ಕೆ ತಂದು ಎರಡನೆಯ ಸಲ ಎಬ್ಬಿಸಿದರು. ಆರರವರೆಗೆ ಅದೇ ಮೆಟ್ಟಿಲು, ಅದೇ ಶಾಂತಿ. ಏಳಕ್ಕೆ ಮತ್ತೆ ಅದೇ ಚೀರಾಟ. “ಎದ್ನೆಲ್ಲ! ಎದ್ನೆಲ್ಲ!”

ಯಾವ ಯಂತ್ರವನ್ನು ತಂದಿಟ್ಟರೂ ಏಳನೆಯ ಜಾಗದಲ್ಲೇ ಕೆಡುತ್ತದೆ ಎಂದರೆ ಸರ್ವರಿನ ಒಳಗೇ ದೋಷವಿರಬೇಕು ಅಂದುಕೊಂಡರು. ಬಿಚ್ಚಿ ನೋಡಿದರು. ವೈರು ಬದಲಿಸಿದರು. ದೋಷವೇನೂ ಸಿಗಲಿಲ್ಲ.

“ಏಳರಾಗ ಶನಿ ಹೊಕ್ಕೈತ್ರಿ ಮೇಡಮ್,” ಅಂದ ಹೊಂಬಳ. “ಏಳರಾಟ ಅಂತಾರಲ್ಲ, ಅದ ಇದು.”

“ಹಂಗಾದ್ರ ಎಳ್ಳೆಣ್ಣಿ ದೀಪಾ ಹಚ್ಚು ಹೋಗು, ಸರ್ವರಿನ ಮುಂದ,” ಎಂದು ತಬಸ್ಸುಮ್ ಬೈದರು. ಆದರೆ ಅವರ ಮುಖದಲ್ಲಿ ನಗು ಇರಲಿಲ್ಲ. ಕೇಂದ್ರದ ಹಿರಿಯರ ಸಮಿತಿ ಆಗಲೇ ತೀರ್ಮಾನ ಹೇಳಿತ್ತು. ಹೀಗೆ ಬೆಚ್ಚಿದಾಗಲೆಲ್ಲ ಮೆದುಳಿನಲ್ಲಿ ಉಳಿದ ಎಳೆಗಳೂ ಸಡಿಲವಾಗುತ್ತಿವೆ. ಇನ್ನೊಂದು ಸಲ ಮಾತ್ರ ನೋಡಬಹುದು. ಅದೂ ಕೆಟ್ಟರೆ ಮತ್ತೆಂದೂ ಎಬ್ಬಿಸುವಂತಿಲ್ಲ, ನಿದ್ದೆಯಲ್ಲೇ ಕ್ಷೇಮವಾಗಿ ಇಡುವುದು.

ಹಾಗೆ ಕ್ಷೇಮವಾಗಿ ಇಟ್ಟವರ ಸಾಲು ಕೇಂದ್ರದ ಪೂರ್ವ ಭಾಗದಲ್ಲಿತ್ತು. ನಾನು ಒಮ್ಮೆ ಆ ಕಡೆ ಹಾದು ಹೋಗಿದ್ದೆ. ತುಂಬಾ ಸ್ವಚ್ಛವಾಗಿತ್ತು. ಹಾಸಿಗೆಗಳ ಮೇಲೆ ಒಂದು ಸುಕ್ಕೂ ಇರಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಹಾಸಿಗೆಯ ಸುಕ್ಕು ತೀಡಲು ಮನಸ್ಸು ಬರುವುದಿಲ್ಲ.

ಮನೆಯಲ್ಲಿ ಕೆಲಸ ನಿಲ್ಲುವುದಿಲ್ಲವಲ್ಲ. ಚಿಕ್ಕವಳು ಮುಕ್ತಾಗೆ, ನೀಲಾಳ ಬಾಯಲ್ಲಿ ಮುಕ್ಕಿಗೆ, ಆಗ ಎರಡು ತುಂಬಿತ್ತು. ಅಕ್ಕ ಎಲ್ಲಿ ಎಂದು ಕೇಳುವಷ್ಟು ಮಾತಿರಲಿಲ್ಲ. ಅಕ್ಕನ ಕೌದಿಯನ್ನು ಮಾತ್ರ ಎಳೆದುಕೊಂಡು ಮನೆಯೆಲ್ಲ ಅಡ್ಡಾಡುತ್ತಿದ್ದಳು. ಅವಳಿಗೆ ಊಟ ಮಾಡಿಸುವಾಗ, ಬಟ್ಟೆ ಒಣಹಾಕುವಾಗ, ಜೋಳ ಹಸನು ಮಾಡುವಾಗ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಎದ್ನೆಲ್ಲ. ಅದು ಬರೀ ಬಡಬಡಿಕೆ ಎಂದು ಸಮಿತಿಯವರು ಹೇಳಿದ್ದರು. ನನಗೆ ಹಾಗೆ ಅನಿಸಿರಲಿಲ್ಲ. ಅದು ಉತ್ತರ. ಯಾರೋ ಕರೆದಾಗ ಕೊಡುವ ಉತ್ತರ. ಯಾರು ಕರೆದರು? ನಾನಂತೂ ತುಟಿ ಬಿಚ್ಚಿರಲಿಲ್ಲ.

ಆ ಸಂಜೆ ರೊಟ್ಟಿಗೆ ಕೂತೆ. ಮುಕ್ತಾ ತಾನಾಗಿಯೇ ಬುಟ್ಟಿ ತಂದುಕೊಂಡು ನೀಲಾ ಕೂಡುವ ಜಾಗದಲ್ಲಿ ಕೂತಳು. ಆದರೂ ಎಣಿಸಿದೆ, ಎರಡೂ ಅಂಕಿ ನಾನೇ ಹೇಳುತ್ತ. ಐದನೆಯದು ಉಬ್ಬಿತು. ಆರನೆಯದು ಸ್ವಲ್ಪ ಹರಿಯಿತು.

“ಏಳು,” ಎಂದು ಬುಟ್ಟಿಗೆ ಹಾಕಿದೆ.

ಮುಕ್ತಾ ಎದ್ದು ನಿಂತಳು.

“ಕೂಡವಾ, ಯಾಕ ಎದ್ದಿ?” ಅಂದೆ. ಕೂತಳು. ನನ್ನ ಮುಖವನ್ನೇ ನೋಡುತ್ತಿದ್ದಳು, ಇದೇನು ಅವ್ವ ಏಳೂ ಅಂತಾಳೆ, ಕೂಡೂ ಅಂತಾಳೆ ಎಂಬ ಹಾಗೆ.

ನನ್ನ ಕೈ ಹಿಟ್ಟಿನಲ್ಲೇ ನಿಂತಿತು.

“ಏಳು,” ಎಂದೆ ಮತ್ತೆ, ಮೆಲ್ಲಗೆ.

ಕೂಸು ಮತ್ತೆ ಎದ್ದು ನಿಂತಿತು, ಬುಟ್ಟಿ ಹಿಡಿದುಕೊಂಡು.

“ಏ ದ್ರಾಕ್ಷಾಯಣಿ, ಹಂಚಿನ ಮ್ಯಾಲಿಂದು ಸೀದ್ ಹೊಂಟೈತಿ!” ಎಂದು ಈರಣ್ಣ ಹೊರಗಿನಿಂದ ಕೂಗಿದರು. ಒಳಗೆ ಬಂದು ನೋಡಿದರೆ ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಅವರಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ.

“ಆಕಿ ತಪ್ಪ ಮಾಡಿಲ್ರೀ,” ಅಂದೆ. “ಏಳಂದ್ರು, ಎದ್ಲು.”

ಮರುದಿನ ಮುಕ್ತಾಳನ್ನು ಸೊಂಟದ ಮೇಲೆ ಹೊತ್ತು ಕೇಂದ್ರಕ್ಕೆ ಹೋದೆ. ನಿಯಂತ್ರಣ ಕೋಣೆಯ ಖುರ್ಚಿಯ ಮೇಲೆ ಅವಳನ್ನು ಕೂಡಿಸಿ ಹೊಂಬಳನಿಗೆ ಹೇಳಿದೆ, “ತಮ್ಮಾ, ಆ ದಿನ ಎಣಿಸಿದಂಗ ಎಣಸು.”

“ಈಗ? ಯಾತಕ್ರೀ ಅಕ್ಕಾರ?”

“ಎಣಸಪಾ, ಗೊತ್ತಾಗತೈತಿ.”

ಅವನು ತಬಸ್ಸುಮ್ ಅವರ ಮುಖ ನೋಡಿ ಎಣಿಸಿದ. ಮುಕ್ತಾ ಆರರವರೆಗೂ ಚಾಕಲೇಟಿನ ಕಾಗದ ಬಿಡಿಸುತ್ತ ಕೂತಿದ್ದಳು. “ಏಳು” ಎಂದು ಆ ಖಣಿ ದನಿ ಬಿದ್ದ ಕೂಡಲೇ ಕಾಗದ ಬಿಟ್ಟು ಖುರ್ಚಿಯ ಮೇಲೆ ಎದ್ದು ನಿಂತು, ಮಾವ ಬೈದನೇನೋ ಎಂದು ತುಟಿ ಉಬ್ಬಿಸಿದಳು.

ತಬಸ್ಸುಮ್ ಕನ್ನಡಕ ತೆಗೆದರು.

“ಯಾ ಅಲ್ಲಾ,” ಅಂದರು. “ಆರಕ್ಕ ಮಾತಿನ ಯಂತ್ರ ಏಳತೈತಿ. ಆಮ್ಯಾಲ ಕೂಸಿಗೆ ತಿಳಿದಿದ್ದ ಮೊದಲನೇ ಶಬ್ದನ ಅದು. ಏಳು.”

“ನಾನ ಎಬ್ಬಿಸಿದೆನೇನ್ರಿ ಹಂಗಾದ್ರ?” ಹೊಂಬಳನ ದನಿ ಸಣ್ಣದಾಗಿತ್ತು.

“ನೀ ಎಣಿಸಿದಿ. ಆಕಿ ಹೇಳಿದ ಮಾತು ಕೇಳಿದ್ಲು. ಕನ್ನಡದಾಗ ಎಣಿಸ್ರಿ, ಅವ್ವಂದಿರಿಗೂ ತಿಳೀಲಿ ಅಂತ ಹೇಳಿದಾಕಿ ನಾನು. ಇಷ್ಟು ಮಂದಿನ್ನ ಎಬ್ಬಿಸೀವಿ, ಯಾರಿಗೂ ಆರಕ್ಕಿಂತ ಹೆಚ್ಚು ಯಂತ್ರ ಬೇಕಾಗಿದ್ದಿಲ್ಲ. ಏಳರ ತನಕ ಹೋದಾಕಿ ಇಕಿನ ಮೊದಲು.”

“ಮುಂದಿನ ಸಲ ಇಂಗ್ಲಿಷಿನ್ಯಾಗ ಎಣಸಲೇನ್ರಿ? ಇಲ್ಲಾ ಆರರ ಮ್ಯಾಲೊಂದು ಅಂತ ಅನ್ಲ್ಯಾ?”

“ನೀ ಬಾಯಿ ಮುಚ್ಚಿಕೊಂಡು ದೀಪ ನೋಡಕೋತ ಕೂಡು. ಅಷ್ಟ ಸಾಕು.”

ಆಮೇಲೆ ಅವರು ನನ್ನ ಕಡೆ ತಿರುಗಿದರು. ಮೊದಲೇ ಕೇಳಬೇಕಿದ್ದುದನ್ನು ಈಗ ಕೇಳುವವರ ಹಾಗೆ, “ಮನಿಯೊಳಗ ಹೆಂಗ ಏಳತಿದ್ಲು ಆಕಿ?” ಅಂದರು.

ನಾನು ಹೇಳಿದೆ. ಕೌದಿ ಸರಿಸುವುದು, ಬಲಮಗ್ಗುಲಿಗೆ ಹೊರಳಿ ನೆಟ್ಟಗೆ ಕೂಡುವುದು, ಉತ್ತರ ಕೊಡುವುದು, ಚಹಾ ಕುದಿಯುವವರೆಗೆ ಮುಚ್ಚಿದ ಕಣ್ಣು.

“ಅಂದ್ರ ಕಣ್ಣು ಎಲ್ಲಾಕಿಂತ ಕಡೀಕ. ನೆನಪು ಬಂದ ಮ್ಯಾಲ.”

“ಹೌದ್ರಿ. ಕಣ್ಣ ಬಿಡೂದರಾಗ ಎಲ್ಲಾ ನೆನಪಾಗಿರತಿತ್ತು. ನಿನ್ನಿ ಜಗಳಾ ಸೈತ.”

ತಬಸ್ಸುಮ್ ನಕ್ಕರು. ಪರದೆಯ ಮೇಲೆ ಆ ಪುಟ ತೆರೆದರು. ಸಮತೋಲವನ್ನು ಮತ್ತೆ ತನ್ನ ಜಾಗಕ್ಕೆ ತಂದರು. ಕಣ್ಣಿನ ಮುಂದಿನ ಬಾಣ ತೋರಿಸಿ, “ಇದನ್ನ ನೀವ ಒತ್ರಿ,” ಅಂದರು. ಬೆರಳ ಸಂದಿಯಲ್ಲಿ ಅಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಒತ್ತಿದೆ. ಕಣ್ಣು ಒಂದು ಮೆಟ್ಟಿಲು ಕೆಳಗಿಳಿಯಿತು, ನೆನಪು ಒಂದು ಮೆಟ್ಟಿಲು ಮೇಲೇರಿತು. ನೀರಿನಲ್ಲಿ ಎರಡು ಎಲೆಗಳು ಜಾಗ ಬದಲಿಸಿದಷ್ಟು ಹಗುರವಾಗಿ. ಲೋಕ ಕಾಣುವ ಮೊದಲು ಅದು ತನ್ನದೆಂದು ಅವಳಿಗೆ ಗೊತ್ತಿರಲಿ.

ಮೂರನೆಯ ಸಲದ ಮುಂಜಾನೆ ಈರಣ್ಣ ಕೆಲಸಕ್ಕೆ ಹೋಗಲಿಲ್ಲ. ಬಾಗಿಲ ಬಳಿ ಮುಕ್ತಾಳನ್ನು ಎತ್ತಿಕೊಂಡು ನಿಂತಿದ್ದರು. ಫ್ಯಾನುಗಳು ಮಂಜಿನಲ್ಲಿ ಅರ್ಧ ಕಾಣುತ್ತ ಅರ್ಧ ಕಾಣದೆ ತಿರುಗುತ್ತಿದ್ದವು. ಸ್ಪೀಕರು ಆರಿತ್ತು. ಗೋಡೆಯ ಮೇಲೆ ಒಂಬತ್ತು ಸಣ್ಣ ದೀಪಗಳನ್ನು ಹೊಸದಾಗಿ ಜೋಡಿಸಿದ್ದರು.

ಒಂದು ಹೊತ್ತಿತು. ನೀಲಾಳ ಎದೆ ತುಂಬಿತು. ಎರಡನೆಯದು ಹೊತ್ತಿತು. ದೂರದ ಫ್ಯಾನಿನ ಸದ್ದಿಗೆ ಅವಳ ಮುಖ ಸ್ವಲ್ಪ ತಿರುಗಿತು. ಒಂದೊಂದೇ ದೀಪ, ದೀಪಾವಳಿಯಲ್ಲಿ ಹೊಸ್ತಿಲಿಗೆ ಹಚ್ಚಿದ ಹಾಗೆ. ಆರು ಹೊತ್ತಿದಾಗ ನಾನು ಉಸಿರು ಹಿಡಿದೆ. ಯಾರೂ ಮಾತಾಡಲಿಲ್ಲ. ಏಳನೆಯ ದೀಪ ಸದ್ದಿಲ್ಲದೆ ಹೊತ್ತಿತು.

ನೀಲಾ ಮಲಗಿಯೇ ಇದ್ದಳು.

ಎಂಟು. ಅವಳ ಹುಬ್ಬು ಗಂಟಿಕ್ಕಿ ಸಡಿಲಿತು. ನೆನಪು ಒಳಗೆ ಬಂದು ಕೂತಿತ್ತು. ಒಂಬತ್ತು. ರೆಪ್ಪೆಗಳ ಕೆಳಗೆ ಕಣ್ಣು ಮೆಲ್ಲಗೆ ಹೊರಳಿತು.

ಗಾಜಿನಾಚೆ ಹೊಂಬಳ ಎರಡೂ ಕೈ ಮೇಲೆತ್ತಿದ. ತಬಸ್ಸುಮ್ ಒಳಗೆ ಬಂದು ನನ್ನ ಭುಜ ಮುಟ್ಟಿದರು. “ಎಲ್ಲಾ ಎದ್ದಾವು,” ಎಂದು ಕಿವಿಯಲ್ಲಿ ಹೇಳಿದರು.

ಆದರೆ ನನ್ನ ಮಗಳು ಎದ್ದಿರಲಿಲ್ಲ.

ಕಾದೆವು. ಮಂಜು ಸರಿದು ಬಿಸಿಲು ಬಿತ್ತು. ಫ್ಯಾನಿನ ನೆರಳು ಹಾಸಿಗೆ ದಾಟಿ ಹೋಯಿತು, ಮತ್ತೆ ಬಂತು. ಅವಳು ಶಾಂತವಾಗಿ ಉಸಿರಾಡುತ್ತಿದ್ದಳು. ಮುಖದಲ್ಲಿ ಹೆದರಿಕೆಯ ಗೆರೆಯಿಲ್ಲ. ಏಳುವ ಸುಳಿವೂ ಇಲ್ಲ.

“ದ್ರಾಕ್ಷಾಯಣಕ್ಕಾ,” ಅಂದರು ತಬಸ್ಸುಮ್, “ಆಕಿನ್ನ ಇನ್ನೂ ಯಾರೂ ಕರದಿಲ್ಲ. ಕರೀರಿ.”

ಹೌದು. ಇಷ್ಟು ದಿನ ಒಲೆಯ ಮುಂದಿನಿಂದ, ತಿರುಗಿ ನೋಡದೆ, ಸೌಟು ಆಡಿಸುತ್ತ ಹೇಳುತ್ತಿದ್ದ ಮಾತು. ಅದನ್ನೇ ಹೇಳಬೇಕು. ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಆ ಮಾತು ಕೇಳಿ ಅವಳು ಎರಡು ಸಲ ಕತ್ತಲಿಗೆ ಬಿದ್ದಿದ್ದಳು. ಮೂರನೆಯ ಸಲ ನೂಕುವವಳು ನಾನಾದರೆ? ಹೆಸರು ಕರೆಯಲೂ ಧೈರ್ಯ ಬರಲಿಲ್ಲ. ಬಾಗಿಲ ಕಡೆ ನೋಡಿದೆ. ಈರಣ್ಣ ಮುಕ್ತಾಳ ತಲೆಯನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದರು.

ಆ ಮಾತಿಗೆ ನೇರವಾಗಿ ಹೋಗಲಾರದವಳು ಸುತ್ತು ಬಳಸಿ ಹೋದೆ. ನೀಲಾಳ ಅಂಗೈಯನ್ನು ನನ್ನ ಅಂಗೈ ಮೇಲೆ ಇಟ್ಟುಕೊಂಡು, ರೊಟ್ಟಿ ಬಡಿಯುವ ಹಾಗೆ ಮೆಲ್ಲಗೆ ತಟ್ಟಿದೆ.

“ಒಂದು,” ಅಂದೆ.

ಅವಳ ಸರದಿಗೆ ಸ್ವಲ್ಪ ಕಾದೆ. ಅದನ್ನೂ ನಾನೇ ಹೇಳಿದೆ. “ಎರಡು.” ತಟ್ಟುತ್ತ ಹೋದೆ. ಮೂರು. ನಾಲ್ಕು. ಕೋಣೆಯಲ್ಲಿ ಹಂಚು ಕಾದ ವಾಸನೆ ಬಂದ ಹಾಗಾಯಿತು. ಅದು ನನ್ನ ಸೀರೆಯದೇ ಇರಬೇಕು. ಐದು.

“ಆರು.”

ಅಲ್ಲಿಗೆ ನಿಂತೆ. ಮುಂದಿನದು ನನ್ನ ಸರದಿ. ಕೈ ಗಾಳಿಯಲ್ಲೇ ಉಳಿಯಿತು.

“ಏಳು,” ಎಂದಿತು ಒಂದು ದನಿ. ನಿದ್ದೆಯಿಂದ ಒದ್ದೆಯಾದ, ದಪ್ಪನೆಯ ದನಿ. “ನಿಂದು ನಾ ಅಂದೆ. ಬೆಲ್ಲ ಕೊಡು.”

ಬಲಮಗ್ಗುಲಿಗೆ ಹೊರಳಿದಳು. ಹಾಸಿಗೆಗೆ ಕೈ ಊರಿದಳು. ಒಂದು ಕ್ಷಣ ಅವಳ ಮೈ ಆ ಕಡೆ ಈ ಕಡೆ ತೂಗಿತು. ತಬಸ್ಸುಮ್ ಅವರ ಉಗುರು ನನ್ನ ಭುಜಕ್ಕೆ ನಾಟಿತು. ತೂಗಿ, ನಿಂತಿತು. ನೆಟ್ಟಗೆ ಎದ್ದು ಕೂತಳು. ಹಿಂದೆ ಹಾಸಿಗೆಯ ಬಟ್ಟೆ ಮುದುಡಿ ಸುಕ್ಕಾಗಿತ್ತು.

“ಎದ್ನೆಲ್ಲ ಅವ್ವಾ,” ಅಂದಳು, ಕಣ್ಣು ಮುಚ್ಚಿಕೊಂಡೇ. “ಮುಕ್ಕಿ ಎದ್ದಾಳೇನು?”

“ಎದ್ದಾಳ,” ಅಂದೆ.

ಕುಲಾವಿಯ ಅಂಚಿನಲ್ಲಿ ಕೂದಲು ಕೆದರಿತ್ತು. ಕೂತಲ್ಲೇ ಅವಳ ತಲೆ ಮೆಲ್ಲಗೆ ನನ್ನ ಕಡೆ ವಾಲಿತು. ಹೊಂಬಳ ಗಾಜಿಗೆ ಮೂಗು ಒತ್ತಿ ನಿಂತಿದ್ದ. ಕಣ್ಣು ಯಾವಾಗ ಬಿಡುತ್ತಾಳೆ ಎಂದು ಎಲ್ಲರೂ ಉಸಿರು ಬಿಗಿ ಹಿಡಿದಿದ್ದರು. ನನಗೊಬ್ಬಳಿಗೆ ಅವಸರವಿರಲಿಲ್ಲ. ಚಹಾ ಇನ್ನೂ ಕುದಿಯಬೇಕಿತ್ತು. ಅವಳ ಸರದಿ ಮೊದಲಿನಿಂದಲೂ ಹೀಗೆಯೇ, ಮೈ ಮೊದಲು, ಮಗಳು ಆಮೇಲೆ.